ಹಲಗೆ ಯಾರ ಕೈಯಲ್ಲಿ?

ನಮ್ಮ ಕಡೆಗೆ ಹೊಸದೊಂದು ಸರಕು ಬಂದಿದೆ. ಅದು ಗೋಣಿಚೀಲದಲ್ಲಿ ಬರುವದಿಲ್ಲ, ತಕ್ಕಡಿಗೆ ಏರುವದಿಲ್ಲ, ಹಮಾಲನ ಬೆನ್ನಿಗೆ ಭಾರವಾಗುವದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ, ಕಿಸೆಯಲ್ಲಿಯ ಮೊಬೈಲಿನ ಮೇಲೆ ಬಂದು ಕೂಡ್ರುತ್ತದೆ. ಮಾರುವವರು ಅದಕ್ಕೆ ‘ಅಜೈಲ್’ ಪದ್ಧತಿಯ ಕೆಲಸ ನಿರ್ವಹಣೆಯ ಸಾಫ್ಟ್‌ವೇರ್ ಎನ್ನುತ್ತಾರೆ. ಅಜೈಲ್ ಎಂದರೆ ಚುರುಕು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದು ವರ್ಷಗಳಿಂದ ನಡೆದು ಬಂದಿದೆ. ಈಗ ಗಿರಣಿಯ ಮಾಲೀಕನಿಗೂ, ಒಣದ್ರಾಕ್ಷಿಯ ವ್ಯಾಪಾರಿಗೂ, ನಾಲ್ಕು ಜನರನ್ನಿಟ್ಟುಕೊಂಡು ಛಾಪಖಾನೆ ನಡೆಸುವವನಿಗೂ ಅದೇ ಮಾತು: ‘ನಿಮ್ಮ ಕೆಲಸವನ್ನೆಲ್ಲ ಈ ಹಲಗೆಯ ಮೇಲೆ ಹಾಕಿರಿ. ಯಾರು ಏನು ಮಾಡುತ್ತಿದ್ದಾರೆಂಬುದು ಕೂತಲ್ಲಿಯೇ ಕಾಣುತ್ತದೆ. ಕೆಲಸ ತಾನೇ ಚುರುಕಾಗುತ್ತದೆ.’

ಇಟ್ಟಂಗಿಹಾಳದ ಕಡೆಯಿಂದ ವಿಜಯಪುರಕ್ಕೆ ದಿನಾ ಕೆಲಸಕ್ಕೆ ಬರುವ ತರುಣರು ನಮ್ಮನ್ನು ಕೇಳುತ್ತಾರೆ: ‘ಮಾಸ್ತರ್ರೀ, ಇದು ಛಲೋದೋ ಕೆಟ್ಟದ್ದೋ?’ ನಮ್ಮ ಸಂಗಾತಿಗಳಲ್ಲಿಯೇ ಕೆಲವರು ಇದನ್ನು ಡೋಣಿ ಹೊಳೆಗೆ ಎಸೆಯಬೇಕೆನ್ನುತ್ತಾರೆ. ಪೇಟೆಯಲ್ಲಿಯ ಕೆಲವು ಗೆಳೆಯರು ಇದು ಬಂದರೆ ಸಾಲವೆಲ್ಲ ತೀರೀತು ಎಂಬಂತೆ ಮಾತನಾಡುತ್ತಾರೆ. ಈ ಎರಡೂ ಮಾತು ನಮಗೆ ಒಪ್ಪಿಗೆಯಿಲ್ಲ. ಹಲಗೆ ಬರಲಿ. ಆದರೆ ಅದರೊಡನೆ ಮಿತಿಯೂ ಬರಬೇಕು, ಆ ಮಿತಿಯನ್ನು ದುಡಿಯುವವರೇ ಬರೆಯಬೇಕು. ಇಲ್ಲದಿದ್ದರೆ ಅದು ಹಲಗೆಯಲ್ಲ, ಹಳೆಯ ಮುಕಾದಮನ ಬಾರಕೋಲು. ನಾವು ಹೇಳಬೇಕಾದುದು ಇಷ್ಟೇ. ಉಳಿದದ್ದು ಇದರ ವಿವರಣೆ.

ವಸ್ತು ಏನು?

ತಿಳಿಯದೆ ಬೈಯುವದು ತಿಳಿಯದೆ ಹೊಗಳಿದಷ್ಟೇ ದಡ್ಡತನ. ಆದುದರಿಂದ ಮೊದಲು ವಸ್ತುವನ್ನು ನೋಡೋಣ. ಶಾಲೆಯ ಕರಿಹಲಗೆಯನ್ನು ನೆನಪಿಗೆ ತಂದುಕೊಳ್ಳಿರಿ. ಎರಡು ಗೆರೆ ಎಳೆದು ಮೂರು ಮನೆ ಮಾಡಿರಿ. ಮೊದಲನೆಯದಕ್ಕೆ ‘ಮಾಡಬೇಕಾದದ್ದು’, ಎರಡನೆಯದಕ್ಕೆ ‘ನಡೆದಿರುವದು’, ಮೂರನೆಯದಕ್ಕೆ ‘ಮುಗಿದದ್ದು’ ಎಂದು ಹೆಸರು ಬರೆಯಿರಿ. ಒಂದು ಕೆಲಸಕ್ಕೆ ಒಂದು ಚೀಟಿ. ಕೆಲಸ ಸಾಗಿದಂತೆ ಚೀಟಿ ಎಡದಿಂದ ಬಲಕ್ಕೆ ಸರಿಯುತ್ತದೆ. ಸಾಫ್ಟ್‌ವೇರ್ ಮಾಡುವದು ಮೂಲತಃ ಇಷ್ಟೇ. ಇದರ ಮೇಲೆ ಇನ್ನು ಕೆಲವು ಕಟ್ಟಳೆಗಳಿವೆ. ಸಾಮಾನ್ಯವಾಗಿ ಎರಡು ವಾರಕ್ಕೊಂದು ಕಂತು, ಅದಕ್ಕೆ ‘ಸ್ಪ್ರಿಂಟ್’ ಎಂದು ಹೆಸರು. ದಿನಾ ಬೆಳಿಗ್ಗೆ ಹದಿನೈದು ಮಿನಿಟಿನ ನಿಂತು ಮಾಡುವ ಸಭೆ. ಪ್ರತಿ ಚೀಟಿಗೆ ಅದರ ಕಷ್ಟಕ್ಕೆ ತಕ್ಕಷ್ಟು ‘ಪಾಯಿಂಟ್’. ಕಂತಿನ ಕೊನೆಗೆ ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಎಂಬುದರ ನಕಾಶೆ.

ಟಿಕೋಟಾ ಕಡೆಯ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಇದನ್ನು ಇಟ್ಟು ನೋಡಿರಿ. ಗೊನೆ ಕೊಯ್ದು ತರಬೇಕು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಬೇಕು. ನೆರಳಿನಲ್ಲಿ ಬಲೆಗಳ ಮೇಲೆ ಹರವಬೇಕು. ಒಣಗಿದ ಮೇಲೆ ಕಡ್ಡಿ ಬಿಡಿಸಬೇಕು. ಬಣ್ಣ, ಗಾತ್ರ ನೋಡಿ ಆರಿಸಬೇಕು. ಪೆಟ್ಟಿಗೆ ತುಂಬಿ ಕೋಲ್ಡ್ ಸ್ಟೋರೇಜಿಗೆ ಕಳಿಸಬೇಕು. ಒಂದೊಂದು ಹಂತಕ್ಕೆ ಒಂದೊಂದು ಮನೆ, ಒಂದೊಂದು ತೋಟದ ಮಾಲಿಗೆ ಒಂದೊಂದು ಚೀಟಿ. ಆರಿಸುವ ಹೆಣ್ಣುಮಕ್ಕಳ ಮನೆಯಲ್ಲಿ ಆರು ಚೀಟಿ ಗುಂಪುಗೂಡಿ ಕೂತರೆ ಕೆಲಸ ಎಲ್ಲಿ ನಿಂತಿದೆಯೆಂಬುದು ಎಲ್ಲರಿಗೂ ಕಾಣುತ್ತದೆ. ಇದು ಹಲಗೆಯ ನಿಜವಾದ ಗುಣ. ನಾವು ಅದನ್ನು ಅಲ್ಲಗಳೆಯುವದಿಲ್ಲ.

ಆದರೆ ಕಂಡದ್ದಕ್ಕೆ ಅರ್ಥ ಹೇಳುವವರು ಯಾರು? ಮಾಲೀಕ ನೋಡಿ ‘ಇವರ ಕೈ ನಿಧಾನ’ ಎನ್ನುತ್ತಾನೆ. ನಾವು ನೋಡಿ ‘ಆರಿಸುವ ಕೈಗಳನ್ನು ಎಣಿಸದೆ ಅದ್ದಿದ್ದೀರಿ’ ಎನ್ನುತ್ತೇವೆ. ಬಲೆಯ ಮೇಲೆ ಜಾಗವಿಲ್ಲದಾಗ ಹಣ್ಣು ಅದ್ದಿದರೆ ಕೊಳೆಯುತ್ತದೆಂದು ಮಾಲೀಕನಿಗೆ ಗೊತ್ತಿದೆ. ಅದ್ದುವದನ್ನು ತಾನೇ ನಿಲ್ಲಿಸುತ್ತಾನೆ. ಶೆಡ್ಡಿಗೆ ಇರುವ ಮಿತಿಯನ್ನು ಒಪ್ಪುವವನು ಕೈಗೆ ಇರುವ ಮಿತಿಯನ್ನು ಏಕೆ ಒಪ್ಪುವದಿಲ್ಲ? ನಮ್ಮ ತಂಟೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಚೀಟಿಯ ಹುಟ್ಟು

ಈ ಚೀಟಿ ಸಾಫ್ಟ್‌ವೇರ್ ಕಚೇರಿಯಲ್ಲಿ ಹುಟ್ಟಿದ್ದಲ್ಲ, ಕಾರ್ಖಾನೆಯಲ್ಲಿ ಹುಟ್ಟಿದ್ದು. ಜಪಾನಿನ ಟೊಯೋಟಾ ಕಂಪನಿ ಯುದ್ಧದ ತರುವಾಯ ದಿವಾಳಿಯ ಅಂಚಿಗೆ ಬಂದಿತ್ತು. 1950ರಲ್ಲಿ ಅಲ್ಲಿ ದೊಡ್ಡ ಮುಷ್ಕರವಾಯಿತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು, ಅಧ್ಯಕ್ಷ ಕೀಚಿರೊ ಟೊಯೊಡಾ ಕೂಡ ರಾಜೀನಾಮೆ ಕೊಡಬೇಕಾಯಿತು. ಅದೇ ಕಂಪನಿಯ ತೈಚಿ ಓನೊ ಎಂಬ ಎಂಜಿನಿಯರು ಮುಂದಿನ ವರ್ಷಗಳಲ್ಲಿ ‘ಕಾನ್‌ಬಾನ್’ ಪದ್ಧತಿಯನ್ನು ಕಟ್ಟಿದನು. ಜಪಾನಿ ಭಾಷೆಯಲ್ಲಿ ಹಾಗೆಂದರೆ ಫಲಕ, ಚೀಟಿ. ಅಮೇರಿಕೆಯ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಒಯ್ದಷ್ಟನ್ನೇ ಕಪಾಟಿನಲ್ಲಿ ಮತ್ತೆ ತುಂಬುವ ರೀತಿ ಅವನಿಗೆ ಮಾದರಿಯಾಯಿತು. ಮುಂದಿನ ಹಂತದವನು ಬೇಡಿದಾಗಲೇ ಹಿಂದಿನ ಹಂತದವನು ಮಾಡಬೇಕು. ಚೀಟಿ ಬಾರದೆ ಒಂದು ಬಿಡಿಭಾಗವನ್ನೂ ಮಾಡಕೂಡದು. ಚೀಟಿಗಳ ಸಂಖ್ಯೆ ನಿಗದಿ. ಇದಲ್ಲದೆ, ತಪ್ಪು ಕಂಡರೆ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ಹಗ್ಗ ಜಗ್ಗಿ ಸಾಲನ್ನು ನಿಲ್ಲಿಸಬಹುದು.

ಓನೊ ಇದನ್ನು ಕೆಲಸಗಾರರ ಉದ್ಧಾರಕ್ಕೆಂದು ಮಾಡಲಿಲ್ಲ. ಗೋದಾಮಿನಲ್ಲಿ ಕೂತ ಸರಕು ಕೂತ ಹಣವೆಂಬ ಲೆಕ್ಕದಿಂದ ಮಾಡಿದನು. ಆ ಸಾಲಿನಲ್ಲಿ ದುಡಿದವರ ಕಷ್ಟವೂ ಬರೆದಿಡಲ್ಪಟ್ಟಿದೆ. ಸತೋಶಿ ಕಮಾಟ ಎಂಬ ಪತ್ರಕರ್ತ 1972ರಲ್ಲಿ ಹಂಗಾಮಿ ಕೆಲಸಗಾರನಾಗಿ ಟೊಯೋಟಾ ಕಾರ್ಖಾನೆ ಸೇರಿ, ಸಾಲಿನ ವೇಗ ಮನುಷ್ಯನನ್ನು ಹೇಗೆ ಹಿಂಡುತ್ತದೆಂಬುದನ್ನು ಪುಸ್ತಕವಾಗಿ ಬರೆದನು. ಆದರೂ ಒಂದು ಮಾತು ಉಳಿಯುತ್ತದೆ. ಚೀಟಿ ಹುಟ್ಟಿದಾಗ ಮಿತಿಯೊಡನೆ ಹುಟ್ಟಿತು, ನಿಲ್ಲಿಸುವ ಹಗ್ಗದೊಡನೆ ಬೆಳೆಯಿತು.

ದೂರದ ಜಪಾನೇ ಏಕೆ? ನಮ್ಮ ರಾಜ್ಯದ ಬಿಡದಿಗೆ ಬನ್ನಿರಿ. ಅಲ್ಲಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಕಾರ್ಮಿಕ ಸಂಘದ ಒಬ್ಬ ಪದಾಧಿಕಾರಿಯ ಅಮಾನತಿನಿಂದ ಹೊತ್ತಿದ ಕಿಡಿ ಮುಷ್ಕರವಾಯಿತು. ಆಡಳಿತ ಲಾಕೌಟ್ ಘೋಷಿಸಿತು. ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರ ಹೋರಾಟ 2021ರ ಮಾರ್ಚ್‌ವರೆಗೆ ಎಳೆಯಿತು. ಕೆಲಸದ ಹೊರೆ ತಾಳಲಾರದಷ್ಟು ಏರಿದೆಯೆಂಬುದು ಸಂಘದ ದೂರು. ಆಡಳಿತ ಆ ದೂರನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿಯೆಂಬ ವಾದವನ್ನು ಇಲ್ಲಿ ಎತ್ತುವದಿಲ್ಲ. ಚೀಟಿಯ ತವರುಮನೆಯಂಥ ಕಂಪನಿಯಲ್ಲಿಯೂ ಕೊನೆಗೆ ಜಗಳ ಬಂದು ನಿಂತದ್ದು ವೇಗವನ್ನು ಗೊತ್ತುಮಾಡುವವರು ಯಾರೆಂಬುದರ ಮೇಲೆಯೇ, ಇದನ್ನಷ್ಟು ಗಮನಿಸಿರಿ.

ಹದಿನೇಳು ಜನರ ಮಾತು, ಮಾರುವವರ ಮಾತು

ಕಾರ್ಖಾನೆಯ ಚೀಟಿ ಕಂಪ್ಯೂಟರಿಗೆ ಹೋದದ್ದು ಹೇಗೆ? 2001ರ ಫೆಬ್ರವರಿಯಲ್ಲಿ ಅಮೇರಿಕೆಯ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಜನ ಸಾಫ್ಟ್‌ವೇರ್ ಕಸುಬಿನವರು ಕೂಡಿದರು. ಮೇಲಿನಿಂದ ಬರುವ ದಪ್ಪ ದಪ್ಪ ಯೋಜನೆಗಳಿಂದ ಬೇಸತ್ತಿದ್ದ ಅವರು ‘ಅಜೈಲ್’ ಎಂಬ ಘೋಷಣಾಪತ್ರ ಹೊರಡಿಸಿದರು. ಉಪಕರಣಗಳಿಗಿಂತ ಮನುಷ್ಯರು ಮೇಲು ಎಂಬುದು ಅದರ ಮೊದಲ ಮಾತಿನ ತಾತ್ಪರ್ಯ. ಅದರ ಹನ್ನೆರಡು ತತ್ತ್ವಗಳಲ್ಲಿ ಒಂದರ ಅರ್ಥ ಹೀಗಿದೆ: ಕೆಲಸದ ವೇಗವು ಎಷ್ಟು ಕಾಲವಾದರೂ ದಣಿಯದೆ ನಡೆಸಿಕೊಂಡು ಹೋಗುವಂಥದಾಗಿರಬೇಕು. ಅದಕ್ಕೂ ಮುಂಚೆ, ಅವರಲ್ಲಿಯೇ ಒಬ್ಬನಾದ ಕೆಂಟ್ ಬೆಕ್ ಎಂಬವನು ಕಟ್ಟಿದ ಪದ್ಧತಿಯಲ್ಲಿ ವಾರಕ್ಕೆ 40 ತಾಸಿನ ದುಡಿಮೆ ಒಂದು ನಿಯಮವಾಗಿಯೇ ಇತ್ತು.

ಬಂಧುಗಳೇ, ಇದನ್ನು ಯಾವನಾದರೂ ಮಾರುವವನು ನಿಮಗೆ ಹೇಳಿದನೇ? ‘ಚುರುಕು’ ಎಂಬ ಮಾತನ್ನು ಎತ್ತಿಕೊಂಡರು, ‘ದಣಿಯದ ವೇಗ’ ಎಂಬ ಮಾತನ್ನು ಬಿಟ್ಟರು. ಎರಡು ವಾರದ ಕಂತಿಗೆ ಇಟ್ಟ ಹೆಸರನ್ನೇ ನೋಡಿರಿ. ಸ್ಪ್ರಿಂಟ್ ಎಂದರೆ ಉಸಿರು ಬಿಗಿಹಿಡಿದು ನೂರು ಗಜ ಓಡುವ ಓಟ. ಒಂದು ಓಟ ಮುಗಿದೊಡನೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ವರ್ಷಕ್ಕೆ ಇಪ್ಪತ್ತಾರು. ಹೀಗೆ ಓಡುವ ಎತ್ತನ್ನು ಯಾವ ರೈತನೂ ಸಾಕುವದಿಲ್ಲ.

ಮಿತಿಯ ಗತಿ ಏನಾಯಿತು? 2002ರಲ್ಲಿ ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿ ಹೊರತಂದ ‘ಜಿರಾ’ ಈ ಜಾತಿಯ ಸಾಫ್ಟ್‌ವೇರಿನಲ್ಲಿ ತುಂಬ ಹೆಸರಾದದ್ದು. ಸಿನೇಮಾದ ಗಾಡ್ಜಿಲಾ ರಾಕ್ಷಸನ ಜಪಾನಿ ಹೆಸರು ‘ಗೊಜಿರಾ’. ಅದನ್ನು ಕತ್ತರಿಸಿ ಈ ಹೆಸರಿಟ್ಟರು. ಅದರಲ್ಲಿ ಒಂದು ಮನೆಗೆ ಇಂತಿಷ್ಟೇ ಚೀಟಿ ಎಂದು ಬರೆಯುವ ಸೌಕರ್ಯವಿದೆ. ಆದರೆ ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಬರೆದು ಮೀರಿದರೂ ಮನೆ ಕೆಂಪಾಗುತ್ತದೆ, ಅಷ್ಟೇ. ಚೀಟಿಯನ್ನು ಯಾರೂ ತಡೆಯುವದಿಲ್ಲ. ಓನೊನ ಕಾರ್ಖಾನೆಯಲ್ಲಿ ಚೀಟಿಯಿಲ್ಲದೆ ಮಾಡಕೂಡದೆಂದಿದ್ದ ಕಟ್ಟಳೆ ಇಲ್ಲಿ ಒಂದು ಬಣ್ಣವಾಗಿ ಉಳಿಯಿತು.

ಇದು ಬೆಂಗಳೂರಿನ ಸುಶಿಕ್ಷಿತ ಹುಡುಗರ ತಾಪತ್ರಯ, ನಮಗೇಕೆ ಎನ್ನುವವರಿಗೆ ಎರಡು ಸಂಗತಿ ನೆನಪು ಮಾಡಿಕೊಡುತ್ತೇವೆ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲವು ಕಾರ್ಖಾನೆಗಳಲ್ಲಿ ದಿನಕ್ಕೆ 12 ತಾಸಿನವರೆಗೆ ದುಡಿಸಿಕೊಳ್ಳಲು ಎಡೆಮಾಡುವ ತಿದ್ದುಪಡಿಯನ್ನು ಅಂಗೀಕರಿಸಿತು. 2024ರ ಜುಲೈನಲ್ಲಿ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನಕ್ಕೆ 14 ತಾಸಿನ ದುಡಿಮೆಗೆ ದಾರಿಮಾಡುವ ಪ್ರಸ್ತಾಪ ಹೊರಬಿತ್ತು; ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಬೀದಿಗಿಳಿದು ಅದನ್ನು ವಿರೋಧಿಸಿತು. ಮೊದಲು ಗಿರಣಿಗೆ, ಹಿಂದೆಯೇ ಕಚೇರಿಗೆ. ನೂಲು ತೆಗೆಯುವವನ ಕಸುಬು ಬೇರೆ, ಸಾಫ್ಟ್‌ವೇರ್ ಬರೆಯುವವನ ಕಸುಬು ಬೇರೆ. ದಿನದ ತಾಸು ಇಬ್ಬರಿಗೂ ಇಪ್ಪತ್ತನಾಲ್ಕೇ.

ಪಾಯಿಂಟಿನ ಲೆಕ್ಕ, ಇಟ್ಟಂಗಿಯ ಲೆಕ್ಕ

ಹೆಸರಿನಲ್ಲಿಯೇ ಇಟ್ಟಂಗಿ ಇರುವ ಊರಿನವರಿಗೆ ಪಾಯಿಂಟಿನ ಲೆಕ್ಕವನ್ನು ವಿವರಿಸುವದು ಕಷ್ಟವಲ್ಲ. ಇಟ್ಟಂಗಿ ಭಟ್ಟಿಯಲ್ಲಿ ಸಾವಿರಕ್ಕಿಷ್ಟು ಎಂದು ಕೂಲಿ. ಮಳೆ ಬಂದು ಹಸಿ ಇಟ್ಟಂಗಿ ಕರಗಿದರೆ ದುಡಿದವನ ಲೆಕ್ಕಕ್ಕೆ ಬಾರದು. ಮಣ್ಣು ಗಟ್ಟಿಯಿತ್ತೇ, ನೀರು ದೂರವಿತ್ತೇ, ಮನೆಯಲ್ಲಿ ಕೂಸಿಗೆ ಜ್ವರವಿತ್ತೇ, ಅಂಕೆ ಕೇಳುವದಿಲ್ಲ. ಪಾಯಿಂಟ್ ಹುಟ್ಟಿದ್ದು ಕೂಲಿಯ ಅಳತೆಗಲ್ಲ. ಕೂಡಿ ದುಡಿಯುವ ನಾಲ್ಕು ಜನ ಕೂತು ‘ಈ ಕೆಲಸ ಆ ಕೆಲಸಕ್ಕಿಂತ ಎರಡರಷ್ಟು ಕಷ್ಟ’ ಎಂದು ತಮ್ಮತಮ್ಮಲ್ಲಿ ಅಂದಾಜು ಮಾಡಿಕೊಳ್ಳುವ ಸಲುವಾಗಿ. ಅದೇ ಅಂದಾಜು ಮಾಲೀಕನ ಮೇಜಿಗೆ ಹೋದ ದಿನ ‘ಅವನು ಹದಿನೆಂಟು ಮುಗಿಸಿದ, ನೀನು ಹನ್ನೊಂದು’ ಎಂಬ ಮಾತು ಬರುತ್ತದೆ. ತನ್ನ ಕೈಯಾರೆ ಬರೆದ ಚೀಟಿಯೇ ತನ್ನ ಮೇಲೆ ಸಾಕ್ಷಿ ಹೇಳುತ್ತದೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಯಂತ್ರದ ಹಾಜರಿ ಏನೆಂಬುದನ್ನು ನಮ್ಮ ಹಳ್ಳಿಗಳ ಜನ ಆಗಲೇ ಅನುಭವಿಸಿದ್ದಾರೆ. ಉದ್ಯೋಗ ಖಾತರಿಯ ಕೆಲಸಗಳಿಗೆ ಕೇಂದ್ರ ಸರಕಾರ 2021ರ ಮೇ ತಿಂಗಳಲ್ಲಿ ಒಂದು ಮೊಬೈಲ್ ಆ್ಯಪ್ ತಂದಿತು. 2023ರ ಜನವರಿ 1ರಿಂದ ಅದನ್ನು ಎಲ್ಲೆಡೆ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲಿಯೇ ಫೋಟೋ ತೆಗೆದು ಏರಿಸಬೇಕು. ಬೆಳಗಿನಿಂದ ಗುದ್ದಲಿ ಹಿಡಿದು ಬೆವರು ಸುರಿಸಿದರೂ ನೆಟ್‌ವರ್ಕ್ ಇಲ್ಲದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಇದರ ವಿರುದ್ಧ ಕೂಲಿಕಾರರು ದಿಲ್ಲಿಯ ಜಂತರ್ ಮಂತರ್‌ನಲ್ಲಿ 2023ರ ಫೆಬ್ರವರಿಯಿಂದ ಧರಣಿ ಕೂತರು. ಕಳ್ಳಲೆಕ್ಕ ತಡೆಯಬೇಕೆಂಬ ಮಾತು ಸರಿಯಷ್ಟೆ. ಆದರೆ ಆ ಆ್ಯಪ್‌ನಲ್ಲಿ ಕೂಲಿಕಾರನ ಫೋಟೋಕ್ಕೆ ಜಾಗವಿತ್ತು. ತಡವಾದ ಕೂಲಿಗೆ ಹೊಣೆಗಾರನಾದ ಅಧಿಕಾರಿಯ ಫೋಟೋಕ್ಕೆ ಜಾಗವಿರಲಿಲ್ಲ. ಕೆಳಗಿನವನನ್ನು ಮೇಲಿನವನಿಗೆ ತೋರಿಸುವ ಕನ್ನಡಿ ಅದು. ಮೇಲಿನವನು ಕೆಳಗಿನವನಿಗೆ ಕಾಣದ ಕನ್ನಡಿಯನ್ನು ನಾವು ಕನ್ನಡಿ ಎನ್ನುವದಿಲ್ಲ.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು

ಇದು ಬರೀ ಕಾಮಗಾರರ ಪ್ರಶ್ನೆಯೆಂದು ಅಂಗಡಿಯ ಬಂಧುಗಳು ತಿಳಿಯಬಾರದು. ಈ ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಬಾಡಿಗೆ ತಲೆಗಿಷ್ಟು, ತಿಂಗಳಿಗಿಷ್ಟು. ನಾಲ್ಕಾರು ಜನರಿಗೆ ಪುಕ್ಕಟೆ ಕೊಡುತ್ತಾರೆ. ಕೈ ಹೆಚ್ಚಿದಂತೆ ಬಾಡಿಗೆ ಬೆಳೆಯುತ್ತದೆ. ನಿಮ್ಮ ಗಿರಾಕಿಯ ಹೆಸರು, ಮಾಲಿನ ಲೆಕ್ಕ, ಬಾಕಿಯ ನೆನಪು ಎಲ್ಲವೂ ಇರುವದು ಅವರ ಗೋದಾಮಿನಲ್ಲಿ. ಕೀಲಿಕೈ ಅವರ ಸೊಂಟದಲ್ಲಿ. ಮೇಲೆ ಹೇಳಿದ ಅಟ್ಲಾಸಿಯನ್ ಕಂಪನಿಯಲ್ಲಿಯೇ 2022ರ ಏಪ್ರಿಲ್ 5ರಂದು ಒಂದು ತಪ್ಪಾದ ಆಜ್ಞೆಯಿಂದ 775 ಗ್ರಾಹಕರ ತಾಣಗಳು ಅಳಿಸಿಹೋದವು. ಕೆಲವರಿಗೆ ತಮ್ಮ ಹಲಗೆಯನ್ನು ಮತ್ತೆ ಕಾಣಲು 14 ದಿನ ಹಿಡಿಯಿತು. ತಮ್ಮದೇ ಕಂಪ್ಯೂಟರಿನಲ್ಲಿಟ್ಟು ನಡೆಸುವ ‘ಸರ್ವರ್’ ಆವೃತ್ತಿಗೆ ಆ ಕಂಪನಿ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಲ್ಲಿಸಿತು. ದ್ರಾಕ್ಷಿಯ ಸುಗ್ಗಿಯಲ್ಲಿ ಎರಡು ವಾರ ಖಾತೆ ಪುಸ್ತಕ ಮುಚ್ಚಿದರೆ ಟಿಕೋಟಾದ ವ್ಯಾಪಾರಿ ಏನು ಮಾಡಬೇಕು? ತನ್ನ ಬಾಕಿ ಲೆಕ್ಕದ ಸಲುವಾಗಿ ಬೇರೆ ಸಾವಕಾರನ ಬಾಗಿಲಿಗೆ ಹೋಗಿ ನಿಲ್ಲುವವನನ್ನು ಪೇಟೆಯಲ್ಲಿ ವ್ಯಾಪಾರಿ ಎನ್ನುವದಿಲ್ಲ.

ರೆಡ್‌ಮೈನ್, ಓಪನ್‌ಪ್ರಾಜೆಕ್ಟ್ ಮೊದಲಾದ ಮುಕ್ತ ಸಾಫ್ಟ್‌ವೇರುಗಳು ಇವೆ. ಇವನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು, ತಲೆಬಾಡಿಗೆ ಇಲ್ಲದೆ ನಡೆಸಬಹುದು. ಅದನ್ನು ಹಚ್ಚಿಕೊಡಲು ಬಲ್ಲ ಒಬ್ಬ ಹುಡುಗ ಬೇಕು. ಹತ್ತು ಅಂಗಡಿಯವರು ಕೂಡಿದರೆ ಒಬ್ಬನ ಪಗಾರ ಹೆಚ್ಚೇನಲ್ಲ. ಸಹಕಾರ ಎಂಬ ಮಾತು ಬರೀ ಸಕ್ಕರೆಗೂ ಹಾಲಿಗೂ ಮೀಸಲಾದುದಲ್ಲ.

ಹೀಗೆ ಆರಂಭಿಸಿರಿ

ಬೈದು ಬಿಡುವದು ನಮ್ಮ ಉದ್ದೇಶವಲ್ಲ. ಹಲಗೆಯನ್ನು ತರಬೇಕೆನ್ನುವವರಿಗೆ ನಮ್ಮ ಸಲಹೆ ಹೀಗಿದೆ.

ಒಂದು: ಮೊದಲ ತಿಂಗಳು ಕಂಪ್ಯೂಟರ್ ಬೇಡ. ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಚೀಟಿ ಅಂಟಿಸಿರಿ. ಗೋಡೆಯ ಮೇಲೆ ನಡೆಯದ್ದು ಪರದೆಯ ಮೇಲೂ ನಡೆಯುವದಿಲ್ಲ. ಗೋಡೆ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಬಾಡಿಗೆಯೂ ಇಲ್ಲ, ಗುಪ್ತಪದವೂ ಇಲ್ಲ.

ಎರಡು: ಚೀಟಿ ಬರೆಯುವವರು ಕೆಲಸ ಮಾಡುವವರು. ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳುವವರೂ ಅವರೇ. ಚೀಟಿ ಕನ್ನಡದಲ್ಲಿರಲಿ, ಓದಲು ಬಾರದ ಚೀಟಿಗೆ ಯಾರೂ ಹೊಣೆಯಲ್ಲ.

ಮೂರು: ‘ನಡೆದಿರುವದು’ ಎಂಬ ಮನೆಯ ತಲೆಯ ಮೇಲೆ ಒಂದು ಅಂಕೆ ಬರೆಯಿರಿ. ನಾಲ್ಕು ಜನರಿದ್ದರೆ ನಾಲ್ಕೋ ಐದೋ ಚೀಟಿ. ಅವಸರದ ಕೆಲಸ ಬಂದರೆ ಬರಲಿ. ಆದರೆ ಒಂದು ಒಳಗೆ ಬರುವ ಮೊದಲು ಒಂದು ಹೊರಗೆ ಹೋಗಬೇಕು. ಆ ಅಂಕೆಯನ್ನು ಬದಲಿಸಬೇಕಾದರೆ ಎಲ್ಲರೂ ಕೂತು ಬದಲಿಸಬೇಕು, ರಾತ್ರಿ ಮಾಲೀಕನ ಮೊಬೈಲಿನಿಂದಲ್ಲ.

ನಾಲ್ಕು: ‘ನಿಂತದ್ದು’ ಎಂಬ ನಾಲ್ಕನೆಯ ಮನೆ ಇರಲಿ, ಅಲ್ಲಿ ಕಾರಣ ಬರೆಯಿರಿ. ನೂಲು ಬಂದಿಲ್ಲ, ಕರೆಂಟು ಹೋಯಿತು, ಪಟ್ಟಾ ಹರಿದಿದೆ, ಗಿರಾಕಿ ಮುಂಗಡ ಕೊಟ್ಟಿಲ್ಲ. ಇದು ನಮ್ಮ ಹಗ್ಗ. ಮಾಲೀಕನ ಚೀಟಿಯೂ ಅದೇ ಹಲಗೆಯ ಮೇಲಿರಬೇಕು: ಈ ತಿಂಗಳ ಪಗಾರ, ಪ್ರಾವಿಡೆಂಟ್ ಫಂಡಿನ ಕಂತು, ಬಾಕಿ ಬೋನಸ್ಸು. ನಮ್ಮ ಕೆಲಸ ಎಲ್ಲರಿಗೂ ಕಾಣಬೇಕಾದರೆ ಅವನ ಕೆಲಸವೂ ಕಾಣಲಿ.

ಐದು: ಹಲಗೆಯ ಅಂಕೆ ನೋಡಿ ಯಾರ ಪಗಾರವನ್ನೂ ಕಡಿಯಕೂಡದು, ಯಾರನ್ನೂ ಮನೆಗೆ ಕಳಿಸಕೂಡದು. ಇದು ಬಾಯಿಮಾತಿನಲ್ಲಿ ಸಾಲದು; ಕಾಗದದ ಮೇಲೆ, ಸಂಘದ ಸಹಿಯೊಡನೆ ಇರಬೇಕು.

ಆರು: ಕಂಪ್ಯೂಟರಿಗೆ ಹೋದ ಮೇಲೆ ತಿಂಗಳಿಗೊಮ್ಮೆ ಎಲ್ಲ ಲೆಕ್ಕದ ನಕಲನ್ನು ನಿಮ್ಮ ಕೈಗೆ ತೆಗೆದುಕೊಳ್ಳಿರಿ. ನಕಲು ಕೊಡಲು ಬಾರದ ಸಾಫ್ಟ್‌ವೇರನ್ನು ಹೊಸ್ತಿಲು ದಾಟಿಸಬೇಡಿರಿ.

‘ಇಂಥ ಕರಾರಿಗೆ ಮಾಲೀಕ ಒಪ್ಪುತ್ತಾನೆಯೇ?’ ಎಂದು ಕೇಳುವವರುಂಟು. ಕೇಳದೆ ಒಪ್ಪಿದ ಮಾಲೀಕ ಯಾವ ಕಾಲದಲ್ಲಿದ್ದ? ಅಮೇರಿಕೆಯ ವಾಟರ್‌ಟೌನ್ ಮದ್ದುಗುಂಡಿನ ಕಾರ್ಖಾನೆಯಲ್ಲಿ 1911ರಲ್ಲಿ ಕೆಲಸಗಾರರ ಕೈಚಲನೆಯನ್ನು ಗಡಿಯಾರ ಹಿಡಿದು ಅಳೆಯಲು ಬಂದರು. ಅವರು ಕೆಲಸ ಬಿಟ್ಟು ಹೊರಗೆ ನಡೆದರು. ಕೆಲವೇ ವರ್ಷಗಳಲ್ಲಿ, ಸರಕಾರಿ ಶಸ್ತ್ರಾಗಾರಗಳಲ್ಲಿ ಹೀಗೆ ಗಡಿಯಾರ ಹಿಡಿದು ಅಳೆಯುವದಕ್ಕೆ ಆ ದೇಶದ ಕಾಂಗ್ರೆಸ್ಸು ಹಣ ಕೊಡುವದನ್ನೇ ತಡೆಯಿತು. ಗಡಿಯಾರವನ್ನು ಯಾರೂ ಒಡೆಯಲಿಲ್ಲ. ಅದು ಎಲ್ಲಿಯ ತನಕ ಬರಬಹುದೆಂಬ ಗೆರೆಯನ್ನು ಎಳೆದರು. ಹಲಗೆಗೂ ಅಂಥದೇ ಗೆರೆ ಬೇಕಾಗಿದೆ.

ಸಾಫ್ಟ್‌ವೇರ್ ಮಾರುವವನು ನಿಮ್ಮ ಗಿರಣಿಗೋ ಅಂಗಡಿಗೋ ಬಂದಾಗ ಕೂಡ್ರಿಸಿ ಚಹ ಕೊಡಿರಿ, ಅವನ ಮಾತನ್ನೂ ಪೂರ್ತಿ ಕೇಳಿರಿ. ಅವನೂ ತಿಂಗಳ ಗುರಿಗೆ ಓಡುವ ದುಡಿಮೆಗಾರನೇ. ಕೇಳಿದ ಮೇಲೆ ಎರಡು ಪ್ರಶ್ನೆ ಇಡಿರಿ: ಎರಡನೆಯ ಮನೆಯಲ್ಲಿ ಎಷ್ಟು ಚೀಟಿ? ಆ ಅಂಕೆಯನ್ನು ಬರೆಯುವವರು ಯಾರು? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆಯೇ ಬೆಲೆಯ ಮಾತು.